ಅವ್ವನ ಐದು ಗುಂಟೆ

ಅವ್ವನ ಪಾಲಿಗೆ ಬರಬೇಕಾದ 5 ಗುಂಟೆ ಹಿತ್ತಲಿನಲ್ಲಿ ಒಂದು ಗುಂಟೆ ಈಗ ನೀರಿನಲ್ಲಿದೆ. ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ನದಿ ಕಡಲಿಗೆ ಸೇರುವ ಅಳಿವೆಯಿಂದ ತುಸು ಒಳಗಿರುವ ಅವಳ ತವರೂರಿನಲ್ಲಿ ಅಜ್ಜನ ಹೆಸರಿಗಿದ್ದ ಮನೆ ಹಿತ್ತಲು ಪಹಣಿಯ ಪ್ರಕಾರ 30 ಗುಂಟೆ. ಎರಡು ವರ್ಷದ ಹಿಂದೆ ಅಳತೆ ಮಾಡಿಸಿದಾಗ ಕಾಲೂರಿ ನಿಲ್ಲಬಹುದಾದ ನೆಲವಾಗಿ ಸಿಕ್ಕಿದ್ದು 24 ಗುಂಟೆ ಮಾತ್ರ. ಉಳಿದ 6 ಗುಂಟೆಯನ್ನು ಮಳೆಗಾಲದ ನದಿ ಮತ್ತು ಭರತದ, ಎಂದರೆ ಉಬ್ಬರದ, ಕಡಲು ಸೇರಿ, ಅವ್ವ ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲಿನ ಈ 50 ವರ್ಷಗಳಲ್ಲಿ, ವರ್ಷಕ್ಕಿಷ್ಟು ಎಂಬಂತೆ ಕೊರೆದುಕೊಂಡು ಹೋಗಿವೆ. ಅಜ್ಜನಿಗೆ ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಾಗಾಗಿ ತಲಾ ಒಂದು ಗುಂಟೆ, ಎಂದರೆ 33 ಅಡಿ ಉದ್ದ 33 ಅಡಿ ಅಗಲದ ನೀರು, ಆರೂ ಪಾಲಿಗೆ ಸಮನಾಗಿ ಬರುತ್ತದೆ.

ಈ ಆಸ್ತಿಯ ವಿಚಾರದಲ್ಲಿ ಅವ್ವ ತೆಗೆದುಕೊಂಡ ನಿಲುವು ನಮ್ಮ ಬಳಗದಲ್ಲಿ ಅನೇಕರಿಗೆ ಸರಿ ಬರಲಿಲ್ಲ, ಮೊದಮೊದಲು ನನಗೂ ಬರಲಿಲ್ಲ. ಅದು ಸರಿಯಾದ ನಿಲುವೆಂದು ನನಗೆ ಈಗ ಅನ್ನಿಸುತ್ತಿರುವುದರಿಂದ, ನಡೆದದ್ದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ಆ ನೆಲ ಅಜ್ಜನಿಗೆ ಬಂದ ರೀತಿಯನ್ನು ಮೊದಲು ಹೇಳಬೇಕು. ಅವ್ವ ಹುಡುಗಿಯಾಗಿದ್ದಾಗ ಅದು ಅವರದಾಗಿರಲಿಲ್ಲ. ಅಜ್ಜ ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗೆ ತಲೆಮಾರಿನ ಹಕ್ಕು ಇರುತ್ತಿತ್ತು. ಚಾಲಗೇಣಿಯವನನ್ನು ಒಡೆಯರು ಮನಸ್ಸು ಬಂದಾಗ ಬಿಡಿಸಬಹುದಾಗಿತ್ತು. ಸುಗ್ಗಿಯಾದ ಮೇಲೆ ಒಳ್ಳೆಯ ಭತ್ತವನ್ನು ಅಳೆದು ಒಡೆಯರ ಅಂಗಳಕ್ಕೆ ಹಾಕಿ, ತೂರಿ ಉಳಿದ ಕಾಳನ್ನು ಮನೆಗೆ ತರುತ್ತಿದ್ದರೆಂದು ಅವ್ವ ಹೇಳುತ್ತಾಳೆ. ಉತ್ತರ ಕನ್ನಡದಲ್ಲಿ ಗೇಣಿ ಒಕ್ಕಲುಗಳನ್ನು ಕಟ್ಟಿ ಹೋರಾಡಿದ ದಿನಕರ ದೇಸಾಯಿಯವರ ಹೆಸರನ್ನು ಇಂದಿಗೂ ಆ ಕಡೆಯ ಹಿರಿಯರು ದೇವರ ಹೆಸರಿನಂತೆ ಎತ್ತುವುದಕ್ಕೆ ಇದೇ ಕಾರಣ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ನಿಹಿತವಾದವು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯ ಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸಾಬೀತುಪಡಿಸಬೇಕಾಗಿತ್ತು. ಅಜ್ಜ ಅರ್ಜಿ ಹಾಕಿದ. ಹಿತ್ತಲೂ, ಅದರಾಚೆಯ ಗಜನಿ ಎಂಬ ತಗ್ಗು ಬಯಲಿನಲ್ಲಿ 18 ಗುಂಟೆ ಗದ್ದೆಯೂ ಅವನ ಹೆಸರಿಗಾದವು. ಅಧಿಭೋಗದ ಹಕ್ಕನ್ನು, ಎಂದರೆ ನೆಲವನ್ನು ಒಕ್ಕಲಿನ ಸ್ವಂತಕ್ಕೆ ಮಾಡುವ ಹಕ್ಕನ್ನು, ಕೊಡುವ ನಮೂನೆ 10ರ ಆ ಪತ್ರವನ್ನು ಅವನು ಸುರುಳಿ ಸುತ್ತಿ, ತಗಡಿನ ಕೊಳವೆಯೊಂದರಲ್ಲಿ ಹಾಕಿ, ಎರಡೂ ಬಾಯಿಗೆ ಮೇಣ ಮೆತ್ತಿ, ನೆರೆ ಬಂದರೂ ನೀರು ಮುಟ್ಟದಷ್ಟು ಎತ್ತರದಲ್ಲಿ ಮಾಡಿನ ಪಕಾಸಿಗೆ ಕಟ್ಟಿದ್ದ. ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದು ಒಂದೇ ಸಲ. ಕಾಗದ ಹಳದಿಯಾಗಿತ್ತು, ಆದರೆ ಒಂದು ಅಕ್ಷರವೂ ಅಳಿಸಿರಲಿಲ್ಲ.

ನಮ್ಮ ಅಪ್ಪನ ಕಡೆಯದು ಧಾರವಾಡ ತಾಲ್ಲೂಕಿನ ಎರೆ ಹೊಲ. ಇಲ್ಲಿ ಭೂಮಿಯನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೂರಿಗೆಯೆಂದರೆ 4 ಎಕರೆ. ನನ್ನದು ಎಂದು ಬದುವಿನ ಮೇಲೆ ನಿಂತು ತೋರಿಸಿದರೆ ಕಣ್ಣು ಹಾಯುವವರೆಗೂ ನನ್ನದೇ. ಉತಾರ, ಎಂದರೆ ಪಹಣಿ, ತೆಗೆಸಿದರೆ ಅದರಲ್ಲಿರುವುದೂ ನೆಲದ ಮೇಲಿರುವುದೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೀಗೆ ಬೆಳೆದ ನನಗೆ ಕರಾವಳಿಯ 30 ಗುಂಟೆಯ ಒಳಗೆ ಎಷ್ಟು ಜನರ ಎಷ್ಟು ಬಗೆಯ ಹಕ್ಕುಗಳು ಹೆಣೆದುಕೊಂಡಿರುತ್ತವೆ ಎಂಬುದು ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಹಿತ್ತಲಿನ ಬಾವಿಯನ್ನೇ ನೋಡಿ. ಅಳಿವೆಯ ಸಮೀಪದ ಊರಿನಲ್ಲಿ ಎಲ್ಲ ಬಾವಿಯ ನೀರೂ ಸಿಹಿಯಲ್ಲ. ಚೈತ್ರ ಬಂತೆಂದರೆ ಅನೇಕ ಬಾವಿಗಳಿಗೆ ಉಪ್ಪು ಏರುತ್ತದೆ. ನಮ್ಮ ಅಜ್ಜನ ಬಾವಿಗೆ ಮಾತ್ರ ಏರುವುದಿಲ್ಲ. ಹಾಗಾಗಿ ಬೇಸಿಗೆಯ ಎರಡು ತಿಂಗಳು ಕೇರಿಯ ಏಳು ಮನೆಯ ಹೆಂಗಸರು ನಮ್ಮ ದಣಪೆ ದಾಟಿ ಒಳಗೆ ಬಂದು ನೀರು ಒಯ್ಯುತ್ತಾರೆ. ಯಾರೂ ಕೇಳಿ ಬರುವುದಿಲ್ಲ, ಕೇಳಬೇಕೆಂದು ಮನೆಯವರೂ ನಿರೀಕ್ಷಿಸುವುದಿಲ್ಲ. ಬಾವಿಕಟ್ಟೆಯ ಚಿರೇಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳಿನ ಆಳದ ಗೀರುಗಳು ಬಿದ್ದಿವೆ. ಯಾವ ಗೀರು ಯಾವ ಮನೆಯವರು ನಿಂತು ಸೇದುವ ಜಾಗದ್ದು ಎಂದು ಆ ಮನೆಯಲ್ಲಿರುವ ಅತ್ತೆ, ನನ್ನ ಸಣ್ಣ ಮಾವನ ಹೆಂಡತಿ, ಬೆರಳಿಟ್ಟು ತೋರಿಸುತ್ತಾರೆ. ಅದೇ ಹಿತ್ತಲಿನ ಅಂಚಿನಲ್ಲಿ ದೋಣಿ ಕಟ್ಟುವ ದಂಡೆಗೆ ಇಳಿಯುವ ಕಾಲುದಾರಿಯಿದೆ. ಮೀನಿಗೆ ಹೋಗುವವರು ನಸುಕಿನಲ್ಲಿ ಬಲೆ ಹೊತ್ತು ಅಜ್ಜಿಯ ತುಳಸಿಕಟ್ಟೆಯ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಮೂಲೆಯಲ್ಲಿರುವ ಕರಿ ಈಶಾಡು ಮಾವಿನ ಮರ ನಮ್ಮ ಜಾಗದಲ್ಲಿದ್ದರೂ, ನೆರೆಮನೆಯ ಕಡೆಗೆ ಚಾಚಿದ ಕೊಂಬೆಯ ಹಣ್ಣು ಅವರದೇ ಎಂಬುದು ಅಜ್ಜನ ಕಾಲದ ಮಾತು.

ಪಹಣಿಯ 11ನೆಯ ಅಂಕಣ ಇತರ ಹಕ್ಕುಗಳು ಮತ್ತು ಋಣಗಳಿಗೆ ಮೀಸಲು. ನಮ್ಮ ಪಹಣಿಯಲ್ಲಿ ಅದು ಖಾಲಿಯಾಗಿತ್ತು. ಕಾಗದವನ್ನು ಮಾತ್ರ ನೋಡಿದವನಿಗೆ ಅದು ಯಾರ ಗೊಡವೆಯೂ ಇಲ್ಲದ ನಿರಾಳ ಜಾಗವಾಗಿ ಕಾಣುತ್ತದೆ. 1882ರ ಸುಖಾಧಿಕಾರ ಕಾಯ್ದೆಯ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ ಬಳಸಿದ ದಾರಿಗೆ ಹಕ್ಕು ಹುಟ್ಟುತ್ತದೆ, ನಿಜ. ಆದರೆ ಅದನ್ನು ಸಾಧಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಬಲೆ ಹೊತ್ತು ನಡೆಯುವವನು ಒಂದು ಪಾಗಾರ ಎದ್ದ ಮಾರನೆಯ ದಿನದಿಂದಲೇ ಸುತ್ತು ಬಳಸಿ ಹೋಗತೊಡಗುತ್ತಾನೆ, ವಕೀಲರ ಹತ್ತಿರ ಹೋಗುವುದಿಲ್ಲ.

ಗಜನಿಯ ಕಥೆ ಇನ್ನೂ ಗಹನವಾದದ್ದು. ಗಜನಿಯೆಂದರೆ ಅಳಿವೆಯ ಉಪ್ಪುನೀರು ಏರಿಳಿಯುವ ತಗ್ಗು ಬಯಲಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ. ಕಟ್ಟೆಯಲ್ಲಿ ಹಲಗೆಯ ಬಾಗಿಲುಗಳಿರುತ್ತವೆ. ಭರತದಲ್ಲಿ ಮುಚ್ಚಿ, ಇಳಿತದಲ್ಲಿ ತೆರೆದು, ಮಳೆಯ ಸಿಹಿನೀರಿನಿಂದ ಮಣ್ಣಿನ ಉಪ್ಪನ್ನು ತೊಳೆದು, ಅಲ್ಲಿ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯ ನೀರಿನಲ್ಲಿ ನಿಲ್ಲುವುದನ್ನೂ ತಡೆಯುತ್ತದೆ, ಆಳೆತ್ತರ ಬೆಳೆಯುತ್ತದೆ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ, ಕೊಳೆಯುವ ಆ ಹುಲ್ಲಿಗೆ ಸಿಗಡಿ, ಮೀನು ಬಂದು ಬೆಳೆಯುತ್ತವೆ. ಹೀಗೆ ಒಂದೇ ನೆಲ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಕೆರೆ. ಈ ಬಯಲಿನ ನಡುವೆ ಎಲ್ಲೋ ಅಜ್ಜನ 18 ಗುಂಟೆಯಿದೆ, ಅದರಲ್ಲಿ ಅವ್ವನದು 3. ಗಡಿ ಎಲ್ಲಿದೆಯೆಂದು ನೀರು ತುಂಬಿದಾಗ ಯಾರಿಗೂ ತೋರಿಸಲು ಬರುವುದಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ. ಕಟ್ಟೆ ಎಲ್ಲರದು, ಬಾಗಿಲು ಎಲ್ಲರದು. ಮೀನಿನ ಹರಾಜಿನ ಹಣದಲ್ಲಿ ಕಟ್ಟೆಯ ದುರಸ್ತಿಗೆ ತೆಗೆದಿಟ್ಟು, ಉಳಿದದ್ದನ್ನು ಗುಂಟೆಯ ಲೆಕ್ಕದಲ್ಲಿ ಹಂಚುತ್ತಿದ್ದರು. ಇಂಥ ಕಡೆ ಒಬ್ಬ ತನ್ನ ಪಾಲನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳುವುದು ಸಾಧ್ಯವೇ ಇಲ್ಲ. ಕಟ್ಟೆ ಒಂದು ಕಡೆ ಒಡೆದರೆ ಉಪ್ಪು ಎಲ್ಲರ ಗದ್ದೆಗೂ ನುಗ್ಗುತ್ತದೆ.

ಆದರೆ ಕಟ್ಟೆ ಕಟ್ಟುವ ಕೈಗಳು ಊರು ಬಿಟ್ಟವು. ನಮ್ಮವರೇ ಬಿಟ್ಟರು. ದೊಡ್ಡ ಮಾವ ಮುಂಬಯಿಗೆ, ನಡುವಿನ ಮಾವ ಹುಬ್ಬಳ್ಳಿಗೆ, ಅವ್ವ ಧಾರವಾಡಕ್ಕೆ, ಚಿಗವ್ವ ಗದಗಕ್ಕೆ. ಊರಲ್ಲಿ ಉಳಿದದ್ದು ಸಣ್ಣ ಮಾವ ಒಬ್ಬರೇ, ಅವರೂ ತೀರಿಕೊಂಡ ಮೇಲೆ ಅತ್ತೆ ಮತ್ತು ಅವರ ಮಗ. ತೀರಿಕೊಂಡ ದೊಡ್ಡವ್ವನ ಮೂರು ಮಕ್ಕಳನ್ನೂ, ಸಣ್ಣ ಮಾವನ ಮಗಳನ್ನೂ ಸೇರಿಸಿದರೆ ಇಂದು ಆ ಆಸ್ತಿಗೆ ಹತ್ತು ಜನ ಸಹಿ ಹಾಕಬೇಕು. ಹತ್ತರಲ್ಲಿ ಅಲ್ಲಿ ಮಲಗಿ ಏಳುವವರು ಇಬ್ಬರು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೊಂದು ತಿದ್ದುಪಡಿ ಬಂದು 79ಎ ಮತ್ತು 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿ ಭೂಮಿಯನ್ನು ಕೊಳ್ಳಬಹುದೆಂದಾಯಿತು. ಅದಾದ ಮೇಲೆ ಆ ದಂಡೆಯುದ್ದಕ್ಕೂ ಹಿಂದೆಂದೂ ಕಾಣದ ಕಾರುಗಳು ನಿಲ್ಲತೊಡಗಿದವು. 1974ರಲ್ಲಿ ಉಳುವವನಿಗೆ ಬಂದ ನೆಲವನ್ನು ಅವನ ಮೊಮ್ಮಕ್ಕಳ ಕೈಯಿಂದ ಉಳದವನು ಕೊಳ್ಳುವುದಕ್ಕೆ ಅರ್ಧ ಶತಮಾನವೂ ಹಿಡಿಯಲಿಲ್ಲ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನಮ್ಮ ಹಿತ್ತಲಿಗೂ ಒಬ್ಬ ಗಿರಾಕಿ ಬಂದ. ಪ್ರವಾಸಿಗರಿಗೆ ಕೋಣೆಗಳನ್ನು ಕಟ್ಟುವ ಆಲೋಚನೆ ಅವನದು. ಅವನು ಹೇಳಿದ ಬೆಲೆ ನಮ್ಮಲ್ಲಿ ಯಾರೂ ಕನಸಿನಲ್ಲೂ ಎಣಿಸದಷ್ಟಿತ್ತು.

ಇದೇ ದಂಡೆಯ ಮೇಲೆ ಅತ್ತೆಗೆ ಒಂದು ಬಚ್ಚಲುಮನೆ ಕಟ್ಟಿಸಿಕೊಳ್ಳಲು ಆಗಿರಲಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಭರತದ ನೀರು ಏರುವ ನದೀದಂಡೆಗೂ ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಅದು ಭರತರೇಖೆಯಿಂದ 100 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟು. 2019ರದರಲ್ಲಿ 50 ಮೀಟರ್‌ಗೆ ಇಳಿಯಿತು. ಅದರೊಳಗೆ ಹಳೆಯ ಮನೆಯನ್ನು ಹಳೆಯ ಅಡಿಪಾಯದ ಮೇಲೆಯೇ ದುರಸ್ತಿ ಮಾಡಬಹುದು, ಬೆಳೆಸುವಂತಿಲ್ಲ. ಆ ನಿಯಮ ಬೇಡವೆಂದು ನಾನು ಹೇಳಲಾರೆ. ನೀರಿಗೆ ಹೋದ 6 ಗುಂಟೆಯನ್ನು ನೋಡಿದವರು ಯಾರೂ ಹೇಳಲಾರರು. ಆದರೆ 70 ದಾಟಿದ ಹೆಂಗಸೊಬ್ಬರು ಮಳೆಯಲ್ಲಿ ರಾತ್ರಿ ಅಂಗಳ ದಾಟಿ ಹೋಗುವುದನ್ನು ತಪ್ಪಿಸಲು ಆರಡಿ ಗೋಡೆ ಎಬ್ಬಿಸಲಾಗದೆ ಇರುವಾಗ, ದೂರದಿಂದ ಬಂದವನು ನಕ್ಷೆ ಹಿಡಿದು 12 ಕೋಣೆಗಳ ಮಾತನ್ನು ಅಷ್ಟು ಸಲೀಸಾಗಿ ಆಡುತ್ತಿದ್ದುದು ನನಗೆ ಸಹಿಸಲು ಕಷ್ಟವಾಯಿತು.

ಮಾತುಕತೆ ನಡೆದದ್ದು ಅಜ್ಜನ ಮನೆಯ ಜಗುಲಿಯಲ್ಲೇ. ಕಾರ್ತಿಕದ ಒಂದು ಭಾನುವಾರ, ನಾನು ಅವ್ವನನ್ನು ಕರೆದುಕೊಂಡು ಕಲಘಟಗಿ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಹೋಗಿದ್ದೆ. ದೊಡ್ಡ ಮಾವನ ಯೋಜನೆ ಸರಳವಾಗಿತ್ತು: ಹೆಣ್ಣುಮಕ್ಕಳು ವಾಡಿಕೆಯಂತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಖಾತೆ ಗಂಡುಮಕ್ಕಳ ಹೆಸರಿಗಾಗುವುದು, ಮಾರಿದ ಮೇಲೆ ಅಕ್ಕತಂಗಿಯರಿಗೆ ಪ್ರೀತಿಯಿಂದ ಇಷ್ಟು ಕೊಡುವುದು. ಅತ್ತೆಗೆ ಅಂಕೋಲೆಯಲ್ಲಿ ಬಾಡಿಗೆ ಮನೆ ಹಿಡಿದುಕೊಡುವುದೆಂದೂ ಮಾತಾಯಿತು. ಮಾವ ಕೆಟ್ಟವರಲ್ಲ. ಮುಂಬಯಿಯಲ್ಲಿ 40 ವರ್ಷ ದುಡಿದೂ ಸ್ವಂತ ಸೂರು ಮಾಡಿಕೊಳ್ಳಲಾಗದ ಅವರಿಗೆ ಆ ಹಣದ ಅಗತ್ಯ ನಿಜವಾಗಿಯೂ ಇತ್ತು, ಈಗಲೂ ಇದೆ. ಅವರ ಮುಖ ನೋಡಿದಾಗ ಅವ್ವ ಸಹಿ ಹಾಕಿಬಿಡಲಿ ಎಂದೇ ನನಗೂ ಅನ್ನಿಸಿತ್ತು. ತವರಿನ ಆಸ್ತಿಗೆ ಕೈಯೊಡ್ಡಿದಳು ಎಂಬ ಮಾತು ಅವಳಿಗೆ ಬರಬಾರದೆಂಬ ಹಿಂಜರಿಕೆಯೂ ನನ್ನಲ್ಲಿತ್ತು.

ಅವ್ವ ಕಾಗದವನ್ನು ಪೂರ್ತಿ ಓದಿಸಿಕೊಂಡಳು. ಆಮೇಲೆ ಕೇಳಿದ ಮೊದಲನೆಯ ಪ್ರಶ್ನೆ, "ಬಾವಿ ದಾರಿ ಎಲ್ಲಿ ಬರದಾರ ಇದರಾಗ?" ಎಂಬುದು. ಯಾರೂ ಉತ್ತರಿಸಲಿಲ್ಲ. ಎರಡನೆಯ ಪ್ರಶ್ನೆಯನ್ನು ಅವಳು ಅತ್ತೆಗೆ ಕೇಳಿದಳು: "ನಿನಗ ಇಲ್ಲಿಂದ ಹೋಗಬೇಕನ್ನಸ್ತದೇನು?" ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ಅವ್ವ ಕಾಗದವನ್ನು ಮಡಚಿ ಮಾವನ ಕೈಗೆ ಕೊಟ್ಟು, "ಅಣ್ಣಾ, ನನ್ನ ಸಹಿ ಸಿಗೂದಿಲ್ಲ" ಎಂದಳು.

ಅವಳಿಗೆ ಕಾನೂನು ತಿಳಿದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಹೆಣ್ಣುಮಕ್ಕಳಿಗೆ ಆಸ್ತಿ ಬಂದದ್ದು 2005ರ ತಿದ್ದುಪಡಿಯಿಂದ, ಅದಕ್ಕೆ ಮೊದಲು ಮದುವೆಯಾದವರಿಗೆ ಏನೂ ಇಲ್ಲ ಎಂದು ನಮ್ಮ ಕಡೆ ಹಲವರು ಇಂದಿಗೂ ನಂಬಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಿಸಿದ್ದು. ಅಜ್ಜನದು ಅವನ ಸ್ವಂತ ಸಾಗುವಳಿಯಿಂದ ಬಂದ ಆಸ್ತಿ. ಅವನು ಉಯಿಲು ಬರೆಯದೆ 1989ರಲ್ಲಿ ತೀರಿಕೊಂಡ. ಗಂಡಸಿನ ಸ್ವಂತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸರಿಸಮಾನ ವಾರಸುದಾರರು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಮದುವೆಯಾದ ವರ್ಷ ಯಾವುದೆಂಬುದು ಅಲ್ಲಿ ಬರುವುದೇ ಇಲ್ಲ. ಇಷ್ಟೆಲ್ಲ ತಿಳಿದಿದ್ದೂ 30 ವರ್ಷ ಅವಳು ಪಾಲು ಕೇಳಿರಲಿಲ್ಲ. ಕೇಳಿದ್ದು ಮಾರುವ ಮಾತು ಬಂದ ದಿನ. ತನ್ನ ಹೆಸರು ಪಹಣಿಯಲ್ಲಿ ಇರುವವರೆಗೆ ಕೊಳ್ಳುವವನಿಗೆ ಪೂರ್ತಿ ಜಾಗ ಸಿಗುವುದಿಲ್ಲ, ಪಾಲಾಗದ ಜಾಗದಲ್ಲಿ ಒಬ್ಬರಿಬ್ಬರ ಪಾಲನ್ನಷ್ಟೇ ಕೊಳ್ಳಲು ಅಂಥ ಗಿರಾಕಿಗಳು ಮುಂದೆ ಬರುವುದಿಲ್ಲ ಎಂಬುದು ಅವಳ ಲೆಕ್ಕವಾಗಿತ್ತು. ಊರಿಗೆ ಊರೇ ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರ ಬರೆಸಿಕೊಂಡು ಮಾರಿದ ಮನೆಗಳನ್ನು ಆ ದಂಡೆಯ ಮೇಲೆ ನಾನು ಎಣಿಸಿದ್ದೇನೆ. ಕೊಟ್ಟ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿದ್ದರೆ ಅವುಗಳಲ್ಲಿ ಕೆಲವಾದರೂ ಉಳಿಯುತ್ತಿದ್ದವೆಂದು ನನ್ನ ನಂಬಿಕೆ.

ಚಿಗವ್ವ ಅವ್ವನ ಜೊತೆ ನಿಂತಳು, ನಡುವಿನ ಮಾವ ಸ್ವಲ್ಪ ದಿನ ಯೋಚಿಸಿ ನಿಂತರು. ಎಲ್ಲರ ಹೆಸರಿಗೂ ಪೌತಿ ಖಾತೆ ಮಾಡಿಸಲು ವಂಶವೃಕ್ಷ, ಮರಣದ ದಾಖಲೆಗಳು ಎಂದು ಓಡಾಡಿದ್ದು ಬೇರೆ ಕಥೆ. ಅಳತೆಯ ದಿನದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಸರ್ವೇಯವರು ಯಂತ್ರ ನಿಲ್ಲಿಸಿ ಮೂರು ಮೂಲೆಗಳನ್ನು ಗುರುತಿಸಿದರು. ನಾಲ್ಕನೆಯ ಗಡಿಕಲ್ಲು ನಕ್ಷೆಯಲ್ಲಿತ್ತು, ನೆಲದ ಮೇಲೆ ಕಾಣಲಿಲ್ಲ. ಅತ್ತೆ ಹಾರೆ ಹಿಡಿದು, ಇಳಿತದ ನೀರು ಸರಿದಿದ್ದ ಕೆಸರಿಗೆ ಸೀರೆ ಎತ್ತಿ ಕಟ್ಟಿ ಇಳಿದರು. ಮುಂಡಿಗೆಯ ಪೊದೆಯಿಂದ ಹೆಜ್ಜೆ ಎಣಿಸಿಕೊಂಡು ಹೋಗಿ ಅಲ್ಲಲ್ಲಿ ಹಾರೆ ಊರಿ ನೋಡಿದರು. ನಾಲ್ಕೈದು ಸಲ ಮೆತ್ತಗೆ ಇಳಿದ ಹಾರೆ ಒಂದು ಕಡೆ ಕಲ್ಲಿಗೆ ತಾಗಿ ಟಣ್ ಎಂದಿತು. ಕೈಯಿಂದ ಕೆಸರು ತೋಡಿದಾಗ ಮೈತುಂಬ ಚಿಪ್ಪು ಹತ್ತಿದ ಕಲ್ಲಿನ ತಲೆ ಕಂಡಿತು. ಮದುವೆಯಾಗಿ ಬಂದ ವರ್ಷ ಆ ಕಲ್ಲಿನ ಪಕ್ಕದಲ್ಲಿ ತಾವು ಬಸಳೆ ನೆಟ್ಟಿದ್ದೆವೆಂದು ಅತ್ತೆ ಹೇಳಿದರು. ಅದರ ಮೇಲೆ ಈಗ ದಿನಕ್ಕೆರಡು ಸಲ ನೀರು ಬರುತ್ತದೆ.

ಆ ನೀರಿನಲ್ಲಿ ಧಾರವಾಡದ ಪಾಲೂ ಇದೆ. ನಮ್ಮ ಮನೆಯಿಂದ ದೂರವೇನಿಲ್ಲದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿಯ ಕಡೆಯಿಂದ ಬರುವ ಹಳ್ಳವನ್ನು ಕಲಘಟಗಿಯ ಸುತ್ತಿನಲ್ಲಿ ಕೂಡಿಕೊಂಡು, ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅವ್ವನ ತವರಿಗೆ ತಲುಪುತ್ತಾಳೆ. 2019ರ ಆಗಸ್ಟಿನಲ್ಲಿ ಇಲ್ಲಿ ಎಡೆಬಿಡದೆ ಮಳೆ ಹೊಡೆಯುತ್ತಿದ್ದಾಗ ಅವ್ವ ಕಿಟಕಿಯ ಬಳಿ ನಿಂತು, "ನಾಳೆ ಅಲ್ಲಿ ಏರ್ತದ" ಎಂದಿದ್ದಳು. ಏರಿತು, ಅತ್ತೆಯ ಜಗುಲಿಯ ಮೂರು ಮೆಟ್ಟಿಲು ಮುಳುಗಿದವು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ನದಿಗೆ ಬಿದ್ದಾಗ, ಎದುರು ದಂಡೆಯ ಉಳುವರೆಯ ಮನೆಗಳ ಮೇಲೆ ನೀರು ಗೋಡೆಯಂತೆ ಅಪ್ಪಳಿಸಿತು. ಆ ರಾತ್ರಿ ನಾವು ಯಾರೂ ಮಲಗಲಿಲ್ಲ. ಅತ್ತೆಯ ಫೋನು ಬೆಳಗಿನ ಜಾವ ತಾಗಿತು.

ಕೊನೆಗೆ ಆದದ್ದು ಇಷ್ಟು. ಜಾಗವನ್ನು ತುಂಡು ಮಾಡಲಿಲ್ಲ. ಒಂಬತ್ತು ಜನ ಸೇರಿ ಒಪ್ಪಂದ ಪತ್ರ ಮಾಡಿ ನೋಂದಣಿ ಮಾಡಿಸಿದೆವು; ಅತ್ತೆಗೂ ಅವರ ಮಗನಿಗೂ ಅಲ್ಲಿ ವಾಸದ ಹಕ್ಕು, ತೆಂಗಿನ ಫಸಲು ಅವರದು, ಬಾವಿಯೂ ದಂಡೆಯ ದಾರಿಯೂ ಈಗಿನಂತೆಯೇ ಕೇರಿಯವರಿಗೆ ಮುಕ್ತ. ಪತ್ರ ಬರೆದವರು ಬಾವಿ, ದಾರಿಯ ಮಾತು ಇದರಲ್ಲಿ ಬೇಡ, ಅದು ಹೇಗೂ ನಡೆಯುತ್ತದೆ ಎಂದಿದ್ದರು. ಅವ್ವ ಆ ಎರಡು ಸಾಲು ಸೇರುವವರೆಗೂ ಹೆಬ್ಬಾಗಿಲ ಬಳಿಯ ಬೆಂಚಿನಿಂದ ಏಳಲಿಲ್ಲ. ದೊಡ್ಡ ಮಾವ ಸಹಿ ಹಾಕಿಲ್ಲ. ಅವರು ಅವ್ವನೊಡನೆ ಮಾತು ಬಿಟ್ಟು ಒಂದೂವರೆ ವರ್ಷವಾಯಿತು. ಅವರ ಪಾಲಿನ ಬೆಲೆಯನ್ನು ಉಳಿದವರು ಕೂಡಿ ವರ್ಷಕ್ಕಿಷ್ಟೆಂದು ಕೊಡುತ್ತೇವೆಂದು ಹೇಳಿ ಕಳುಹಿಸಿದ್ದೇವೆ, ಉತ್ತರ ಬಂದಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ರಕ್ಷಾಬಂಧನದ ದಿನ ಅವ್ವ ಅವರಿಗೆ ಫೋನು ಮಾಡುತ್ತಾಳೆ, ಅವರು ಎತ್ತುವುದಿಲ್ಲ, ಅವಳು ಸಂಜೆ ಇನ್ನೊಮ್ಮೆ ಮಾಡುತ್ತಾಳೆ.

ಈ ವರ್ಷ ಅತ್ತೆಯ ಮಗ ಗಜನಿಯ ಕಟ್ಟೆಗೆ ಮಣ್ಣು ಹಾಕಿಸುವ ಮಾತೆತ್ತಿದ್ದಾನೆ. ಊರಲ್ಲಿ ಉಳಿದವರು ಹನ್ನೊಂದು ಮನೆಯವರು ಒಪ್ಪಿದ್ದಾರೆ. ಕಗ್ಗದ ಬೀಜವನ್ನು ಕುಮಟಾ ತಾಲ್ಲೂಕಿನ ಮಾಣಿಕಟ್ಟದ ಕಡೆಯಿಂದ ತರಬೇಕು. 3 ಗುಂಟೆಯ ಲೆಕ್ಕಕ್ಕೆ ತನ್ನ ಪಾಲಿನ ಹಣ ಎಷ್ಟಾಗುತ್ತದೆಂದು ಅವ್ವ ಕೇಳಿ ಬರೆದುಕೊಂಡಿದ್ದಾಳೆ. ಹಿತ್ತಲಿನ ಕಂದಾಯ ಕಟ್ಟುವಾಗ, ನೀರಿಗೆ ಹೋದ 6 ಗುಂಟೆಯನ್ನು ಪಹಣಿಯಿಂದ ಕಡಿಮೆ ಮಾಡಿಸಲು ಅರ್ಜಿ ಕೊಡೋಣವೇ ಎಂದು ನಾನು ಕೇಳಿದೆ. ಕಲ್ಲು ಅಲ್ಲೇ ಇದೆಯಲ್ಲ ಎಂದಳು. ರಸೀದಿ 30 ಗುಂಟೆಗೇ ಬಂದಿದೆ, ಅದನ್ನು ಅವಳು ಅಜ್ಜನ ತಗಡಿನ ಕೊಳವೆಯಲ್ಲಿ ಇಡಬೇಕೆಂದು ಅತ್ತೆಗೆ ಕಳುಹಿಸಿದ್ದಾಳೆ.